‘ಮೂರನೇ ಮಹಡಿ’ಯ ಒಬ್ಬನೇ ಅಭಿಮಾನಿ

ಬೀದಿಯ ಮಕ್ಕಳು ಅವನಿಗೆ ಛೀಮಾಮ ಎಂದು ಹೆಸರಿಟ್ಟಿದ್ದರು. ಮಕ್ಕಳ ಬಾಯಿಂದ ಅದು ದೊಡ್ಡವರ ಬಾಯಿಗೆ ಹತ್ತಿ, ಕೊನೆಗೆ ಹೊಸ ಗಿರಾಕಿಗಳೂ “ಛೀಮಾಮನ ಸೋಫಾ ಅಂಗಡಿ ಎಲ್ಲಿ ಬರುತ್ತೆ?” ಎಂದು ಕೇಳಿಕೊಂಡೇ ಬರುವ ಹಾಗಾಯಿತು. ಹೆಸರು ಸುಮ್ಮನೆ ಬಂದದ್ದಲ್ಲ. ಬೆಳಿಗ್ಗೆ ಶಟರ್ ಎತ್ತಿದಾಗಿನಿಂದ ಸಂಜೆ ಎಳೆಯುವವರೆಗೆ ಅವನ ಬಾಯಿಂದ ಬೀಳುತ್ತಿದ್ದ ಮಾತಿನಲ್ಲಿ ಅರ್ಧ ಪಾಲು ‘ಛೀ’. ಉಳಿದರ್ಧ ಆ ಛೀ ಯಾಕೆ ಎಂಬುದರ ವಿವರಣೆ.

ಹಳೆಯ ಸೋಫಾಗಳ ಹೊದಿಕೆ ಕಿತ್ತು, ಒಳಗಿನ ಸ್ಪಂಜು ಬದಲಿಸಿ, ಹೊಸ ಬಟ್ಟೆ ಎಳೆದು ಮೊಳೆ ಹೊಡೆಯುವುದು ಅವನ ಕಸುಬು. ಈ ಕಸುಬು ಮಾಡುವವನಿಗೆ ಮನುಷ್ಯಜಾತಿಯ ಮೇಲೆ ಮರ್ಯಾದೆ ಉಳಿಯುವುದು ಕಷ್ಟ. ಹಾಲ್‌ನಲ್ಲಿ ಹೂವಿನ ಕುಂಡ, ಗೋಡೆಗೆ ಚಿತ್ರ, ಬಂದವರಿಗೆ ನಗುಮುಖ. ಅದೇ ಮನೆಯ ಸೋಫಾ ಬಗೆದು ನೋಡಿದರೆ ಉಗುರಿನ ಚೂರು, ಕೂದಲಿನ ಉಂಡೆ, ಯಾವುದೋ ಮಗು ಅರ್ಧ ಚೀಪಿ ತುರುಕಿದ ಪೆಪ್ಪರ್‌ಮಿಂಟು ಸ್ಪಂಜಿಗೆ ಅಂಟಿ ಕಪ್ಪಾಗಿ ಕೂತದ್ದು. ಒಮ್ಮೆ ಒಂದು ಸೋಫಾದ ಸಂದಿಯಲ್ಲಿ ಹಲ್ಲಿನ ಸೆಟ್ಟು ಸಿಕ್ಕಿತು. ಇಕ್ಕಳದಲ್ಲಿ ಹಿಡಿದು ಮನೆಯ ಯಜಮಾನರಿಗೆ ಒಪ್ಪಿಸಿದರೆ ಅವರು, “ಅಯ್ಯೋ, ಇದನ್ನ ಎಲ್ಲೆಲ್ಲಿ ಹುಡುಕಿದ್ದೆ!” ಎಂದು ಅಂಗಿಯ ತುದಿಯಲ್ಲಿ ಒರೆಸಿ, ಅವನ ಕಣ್ಣೆದುರೇ ಬಾಯಿಗಿಟ್ಟುಕೊಂಡು, ಕಚ್ಚಿ ನೋಡಿ, ಸಂತೋಷದಿಂದ ನಕ್ಕರು. ಆ ದಿನ ಛೀಮಾಮ ಮಧ್ಯಾಹ್ನದ ಊಟ ಮಾಡಲಿಲ್ಲ.

ಆದರೆ ಇದೆಲ್ಲ ಸೋಪು ಹಚ್ಚಿ ತೊಳೆದರೆ ಹೋಗುವ ಕೊಳೆ. ಅವನಿಗೆ ನಿಜವಾಗಿ ಹೇಸಿಗೆಯಾಗುತ್ತಿದ್ದದ್ದು ಜನರ ಕಿವಿಯನ್ನು ನೆನೆದಾಗ. ಎದುರಿನ ಮೊಬೈಲ್ ಅಂಗಡಿಯವನು ಒಂದೇ ಹಾಡಿನ ಒಂದೇ ಸಾಲನ್ನು ದಿನವಿಡೀ ತಿರುಗಿಸುತ್ತಿದ್ದ. ಹಾದುಹೋಗುವವರು ಅದನ್ನೇ ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು. ಹೀಗೆ ಊರವರ ಬಾಯಲ್ಲೆಲ್ಲ ಓಡಾಡಿದ ಹಾಡಿಗೆ ಛೀಮಾಮ ಇಟ್ಟ ಹೆಸರು ‘ಎಂಜಲು ಹಾಡು’. “ಇನ್ನೊಬ್ಬರು ಅಗಿದು ಉಗಿದಿದ್ದನ್ನ ನೀವು ಎತ್ತಿ ಬಾಯಿಗೆ ಹಾಕ್ಕೋತೀರಾ? ಛೀ!” ಎಂದು ಗಿರಾಕಿಗಳನ್ನೇ ಕೇಳಿಬಿಡುತ್ತಿದ್ದ. ಗಿರಾಕಿಗಳು ಹೊದಿಕೆಯ ರೇಟು ಕೇಳಲು ಬಂದವರು, ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಅವನ ಪ್ರೀತಿಯೆಲ್ಲ ಯಾರೂ ಮುಟ್ಟದ ಪಾಪ್ ಆಲ್ಬಮ್‌ಗಳ ಮೇಲೆ. ಸ್ಪಂಜಿನ ಹಾಳೆಗಳನ್ನು ನಿಲ್ಲಿಸಿಟ್ಟ ಗೋಡೆಯ ಮೇಲ್ಭಾಗದಲ್ಲಿ ಹಲಗೆ ಹೊಡೆದು ಕ್ಯಾಸೆಟ್‌ಗಳನ್ನು ಜೋಡಿಸಿದ್ದ. ಮುಚ್ಚಿಹೋದ ಅಂಗಡಿಗಳಿಂದ, ಫುಟ್‌ಪಾತಿನ ರಾಶಿಗಳಿಂದ, ಸೋಫಾ ಕೊಟ್ಟವರ ಮನೆಯ ಅಟ್ಟದಿಂದ ಹೆಕ್ಕಿ ತಂದವು. ಹೆಸರು ಮಾಡಿದ ಒಂದೇ ಒಂದು ಆಲ್ಬಮ್ ಆ ಹಲಗೆ ಹತ್ತುವಂತಿರಲಿಲ್ಲ. ಅಲ್ಲಿ ಅಣ್ಣತಮ್ಮಂದಿರು ಮೂವರು ಮಾಡಿದ ಒಂದು ಆಲ್ಬಮ್ ಇತ್ತು. ಕವರಿನ ಮೇಲೆ ಮೂವರೂ ಒಂದೇ ಥರದ ಜರ್ಕಿನ್ ತೊಟ್ಟು, ಸಾಲ ವಸೂಲಿಗೆ ಬಂದವರ ಹಾಗೆ ನಿಂತಿದ್ದರು. ಆ ಮುಖಗಳನ್ನು ನೋಡಿಯೇ ಜನ ಕೊಳ್ಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು: ಎರಡನೇ ಹಾಡಿನಲ್ಲಿ ಕಿರಿಯವನು ತಾಳ ತಪ್ಪುತ್ತಾನೆ, ದೊಡ್ಡವನು ತಮ್ಮನಿಗಾಗಿ ಅರೆಗಳಿಗೆ ಕಾದು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಆ ಕಾಯುವುದೊಂದಕ್ಕೇ ಛೀಮಾಮನ ಕಣ್ಣು ಒದ್ದೆಯಾಗುತ್ತಿತ್ತು. ಇನ್ನೊಂದು, ಆಯುಷ್ಯವಿಡೀ ಬೇರೆಯವರ ಬೆನ್ನ ಹಿಂದೆ ‘ಆ… ಆ…’ ಎಂದು ಕೋರಸ್ ಹಾಡಿದ ಹೆಂಗಸೊಬ್ಬಳು ತಾನೇ ಮಾಡಿದ್ದ ಒಂದೇ ಆಲ್ಬಮ್. ಅದರಲ್ಲಿ ಕೋರಸ್ಸೇ ಇರಲಿಲ್ಲ. ಇನ್ನೊಬ್ಬರನ್ನು ಆ ಕೆಲಸಕ್ಕೆ ನಿಲ್ಲಿಸಲು ಆಕೆಗೆ ಮನಸ್ಸು ಬಂದಿರಲಿಕ್ಕಿಲ್ಲ ಎಂದು ಛೀಮಾಮನ ಊಹೆ.

ಅವನದೊಂದು ಸಿದ್ಧಾಂತವೂ ಇತ್ತು. ಕಂಪನಿಯವರು ಮೊದಲ ಹಾಡನ್ನು ಅಂಗಡಿಯ ಮುಂದೆ ನೇತುಹಾಕಲಿಕ್ಕೆಂದು ಮಾಡುತ್ತಾರೆ. ಹಾಡುವವರು ತಮಗಾಗಿ ಹಾಡಿಕೊಂಡದ್ದು, ಕ್ಯಾಸೆಟ್ ತಿರುಗಿಸಿ ಹಾಕಿದರೆ ಬರುವ ಬಿ ಸೈಡಿನ ಮೂರನೆಯದು. ಅಲ್ಲಿಗೆ ಯಾರೂ ಬರುವುದಿಲ್ಲ ಎಂಬ ಧೈರ್ಯದಲ್ಲಿ ಮನುಷ್ಯ ನಿಜ ನುಡಿಯುತ್ತಾನೆ. ಹಾಗಾಗಿ ಆಲ್ಬಮ್ ಎಂದರೆ ಮೊದಲಿಂದ ಕೊನೆಯವರೆಗೆ ಕೇಳಬೇಕು, ನಡುವೆ ಹಾಡು ಹಾರಿಸಿದವನು ಅವನ ಪಾಲಿಗೆ ಊಟದೆಲೆಯ ಮೇಲೆ ಕಾಲಿಟ್ಟವನಿಗೆ ಸಮ.

ಈ ಎಲ್ಲ ಆಲ್ಬಮ್‌ಗಳ ರಾಣಿ ‘ಮೂರನೇ ಮಹಡಿ’. ಬೂದು ಬಣ್ಣದ ಕವರು, ಅದರ ಮೇಲೆ ಒಂದು ಮೆಟ್ಟಿಲ ಸಾಲು. ಹಾಡಿದವಳ ಹೆಸರು ಆಮೇಲೆ ಯಾರೂ ಕೇಳಲಿಲ್ಲ. ಅದರ ಬಿ ಸೈಡಿನ ಮೂರನೇ ಹಾಡಿನಲ್ಲಿ ಹೆಂಗಸೊಬ್ಬಳು ಕೈಚೀಲ ಹಿಡಿದು ಮನೆಗೆ ಬರುತ್ತಾಳೆ. ಲಿಫ್ಟು ಕೆಟ್ಟಿದೆ. ಒಂದೊಂದು ಮೆಟ್ಟಿಲು ಹತ್ತುತ್ತಾಳೆ, ಒಂದೊಂದು ತಿರುವಿನಲ್ಲೂ ತನ್ನವನ ಒಂದೊಂದು ಮಾತು ನೆನೆಯುತ್ತಾಳೆ. ಅಷ್ಟೇ ಹಾಡು. ಆ ದನಿಯೋ, ಗಂಡಸಿನಷ್ಟು ಗಟ್ಟಿ, ಬಾವಿಯ ತಳದಿಂದ ಎತ್ತಿದ ಹಾಗೆ ತಣ್ಣಗೆ, ಭಾರವಾಗಿ ಬರುತ್ತಿತ್ತು. ಕೊನೆಯ ಸಾಲು ಮುಗಿದ ಮೇಲೆ ಗಂಟಲಲ್ಲಿ ಏನೋ ಒಡೆದಂಥ ಒಂದು ಸಣ್ಣ ಸದ್ದು. ಛೀಮಾಮ ಸುತ್ತಿಗೆ ಕೆಳಗಿಟ್ಟು, ಬೆರಳೆತ್ತಿ, “ಈಗ… ಈಗ ನೋಡು… ಅಳು ಬಂತು, ನುಂಗಿಕೊಂಡ್ಲು!” ಎನ್ನುತ್ತಿದ್ದ. ಹೀಗೆ ಹಾಡಬೇಕಾದರೆ ಆಕೆ ನಲವತ್ತು ದಾಟಿರಬೇಕು, ಬದುಕಿನಲ್ಲಿ ದೊಡ್ಡ ಪೆಟ್ಟು ತಿಂದಿರಬೇಕು, ಲೋಕದ ಮೇಲೆ ಅವನಷ್ಟೇ ಹೇಸಿಕೆ ಪಟ್ಟಿರಬೇಕು ಎಂದು ಅವನು ತೀರ್ಮಾನಿಸಿದ್ದ.

ಬೆರಳೆತ್ತಿ ತೋರಿಸಲು ಎದುರಿಗೆ ಒಬ್ಬನಾದರೂ ಬೇಕಲ್ಲ? ಆ ಒಬ್ಬ ವಾಚಣ್ಣ. ಪಕ್ಕದ ಗೂಡಿನಷ್ಟು ಅಂಗಡಿಯಲ್ಲಿ ವಾಚು, ಗೋಡೆ ಗಡಿಯಾರ ರಿಪೇರಿ ಮಾಡುತ್ತಿದ್ದವನು. ಇಬ್ಬರ ನಡುವೆ ಇದ್ದದ್ದು ಒಂದು ಪ್ಲೈವುಡ್ ತಡಿಕೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ವಾಚಣ್ಣ ಕಣ್ಣಿನ ಭೂತಗನ್ನಡಿಯನ್ನು ಹಣೆಗೇರಿಸಿ, ಟೀ ಲೋಟ ಹಿಡಿದು ಬಂದು, ಅರ್ಧ ಹೊಲಿದ ಯಾವುದಾದರೂ ಸೋಫಾದ ಮೇಲೆ ಕೂರುತ್ತಿದ್ದ. ಛೀಮಾಮ ‘ಮೂರನೇ ಮಹಡಿ’ ಹಾಕುತ್ತಿದ್ದ. ವಾಚಣ್ಣ ಹಾಡು ಮುಗಿಯುವವರೆಗೆ ಕೂತು, “ಹೂಂ” ಎಂದು ಎದ್ದುಹೋಗುತ್ತಿದ್ದ. ಇಬ್ಬರ ತಲೆಯೂ ಬೆಳ್ಳಗಾಯಿತು, ಆ ಹೂಂ ಮಾತ್ರ ಬೆಳೆಯಲಿಲ್ಲ.

ಛೀಮಾಮನಿಗೆ ಬೇರೆ ಆಸೆಗಳು ಇದ್ದವೋ ಇಲ್ಲವೋ, ಈ ಒಂದು ಆಸೆ ಇತ್ತು. ತಾನು ಕೇಳದೆಯೇ, ತಾನು ಬಾಯಿಗೆ ಮಾತು ತುರುಕದೆಯೇ, ಈ ಭೂಮಿಯ ಮೇಲೆ ಇನ್ನೊಬ್ಬರು ಆ ಆಲ್ಬಮ್ ಕೇಳಿ “ಚೆನ್ನಾಗಿದೆ” ಅನ್ನಬೇಕು. ಮನೆಯಲ್ಲಿ ಅದು ಆಗದ ಮಾತು. “ಹೆತ್ತವರಿಗೆ ಹೆಗ್ಗಣ ಮುದ್ದು. ಆ ಗೊಗ್ಗರು ದನಿ ಮನೆಯೊಳಗೆ ಬಂದ್ರೆ ನಾನು ಹೊರಗೆ” ಎಂದು ಹೆಂಡತಿ ಎಂದೋ ಹೇಳಿಯಾಗಿತ್ತು. ಒಬ್ಬ ಗಿರಾಕಿ ಹೆಂಗಸು ಅಂಗಡಿಯಲ್ಲಿ ನಿಂತು ಕೇಳಿ, “ಏನ್ರೀ ಇದು, ಬ್ಯಾಟರಿ ಇಳಿದುಹೋಗಿದೆಯಾ?” ಎಂದು ನಕ್ಕಿದ್ದಳು. ಛೀಮಾಮ ಆಕೆಯ ಸೋಫಾವನ್ನು ಹೊದಿಕೆ ಕಿತ್ತ ಸ್ಥಿತಿಯಲ್ಲೇ ಆಟೋ ಮೇಲೆ ಹೇರಿ ವಾಪಸು ಕಳಿಸಿದ. ಕೋಣನ ಮುಂದೆ ಕಿನ್ನರಿ ನುಡಿಸುವ ಕರ್ಮ ತನ್ನದು ಎಂದು ಸಂಜೆಯವರೆಗೆ ಗೊಣಗಿದ.

ಅವನ ಟೇಪ್‌ರೆಕಾರ್ಡರು ಮನೆ ಖಾಲಿ ಮಾಡಿದ ಯಾರೋ ಸೋಫಾದ ಜೊತೆ ಬಿಟ್ಟುಹೋದದ್ದು. ಅದರ ಮೇಲೆ ಅವನಿಗೆ ಮುಂಚಿನಿಂದಲೂ ಅಪಾರ ಗೌರವ. ಬೇರೆಯವರ ಮನೆಯಲ್ಲಿ, ಬಸ್ಸಿನಲ್ಲಿ ಹಾಡು ಕೇಳಿದಾಗಲೆಲ್ಲ ಅವನಿಗೆ ಅವು ಓಡುತ್ತಿವೆ ಅನ್ನಿಸುತ್ತಿತ್ತು. “ಈಗಿನ ಮಿಷನ್‌ಗಳಿಗೆ ಎಲ್ಲಾದಕ್ಕೂ ಅವಸರ. ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಹಾಡ್ತವೆ. ಛೀ!” ಎನ್ನುತ್ತಿದ್ದ. ಊರಿನ ಮಿಷನ್‌ಗಳೆಲ್ಲ ಒಂದು ಕಡೆ, ತನ್ನದೊಂದು ಒಂದು ಕಡೆ ಆದಾಗ ತಪ್ಪು ಯಾರದು ಎಂಬ ಅನುಮಾನ ಅವನ ಸ್ವಭಾವದಲ್ಲೇ ಇರಲಿಲ್ಲ.

ಹೀಗಿರುವಾಗ ಮಗಳು ಅಡ್ಡಬಂದಳು. ಕಣ್ಣಾಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೂರುವ ಹುಡುಗಿ, ಅಪ್ಪನ ಗೊಣಗಾಟ ಕೇಳಿ ಬೆಳೆದವಳು. ಊರಿನ ಸಣ್ಣ ರೇಡಿಯೋ ಕೇಂದ್ರದಲ್ಲಿ, ಜನ ಮರೆತ ಹಾಡನ್ನು ಕೇಳುಗರೇ ತಂದು ಪರಿಚಯಿಸುವ ಒಂದು ಕಾರ್ಯಕ್ರಮ ಶುರುವಾಗಿತ್ತು. ಅವಳು ಅಪ್ಪನಿಗೆ ಹೇಳದೆ ಫೋನ್ ಮಾಡಿ ಹೆಸರು ಕೊಟ್ಟುಬಿಟ್ಟಳು.

“ಇಡೀ ಊರು ಕೇಳುತ್ತೆ ಅಪ್ಪ. ಬಾಯಿಗೆ ಬಂದಂಗೆ ಮಾತಾಡ್ಬೇಡ. ಅಲ್ಲಿ ‘ಛೀ’ ಅನ್ನಬಾರ್ದು.”

“ನಾನ್ಯಾಕೆ ಅನ್ಲಿ? ಮೊದಲ ಸಲ ಒಳ್ಳೇದನ್ನ ಕೇಳಿಸ್ತಿದ್ದಾರೆ” ಎಂದ ಛೀಮಾಮ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಈ ಜನಕ್ಕೆ ಮದ್ದು ಕುಡಿಸುವ ದಿನ ಬಂತು ಎಂದು ಅವನಿಗೆ ಒಳಗೊಳಗೇ ಹಿಗ್ಗು. ಬಟ್ಟೆ ಕತ್ತರಿಸುವಾಗ, ಸ್ಪಂಜು ಕೊಯ್ಯುವಾಗ, ಬಚ್ಚಲಲ್ಲಿ, ಎಲ್ಲೆಲ್ಲೂ ಭಾಷಣ ಅಭ್ಯಾಸ ಮಾಡಿದ. ವಾಚಣ್ಣನ ಮುಂದೆಯೂ ಮಾಡಿದ. ವಾಚಣ್ಣ ಯಾಕೋ ಟೀ ಲೋಟ ಪಕ್ಕಕ್ಕಿಟ್ಟು, “ಹೋಗ್ಲೇಬೇಕಾ?” ಎಂದ.

“ಯಾಕೆ, ಹೊಟ್ಟೆಕಿಚ್ಚಾ?”

“ಹೂಂ” ಎಂದು ವಾಚಣ್ಣ ಎದ್ದುಹೋದ.

ರೇಡಿಯೋ ಕೇಂದ್ರ ಒಂದು ಕಟ್ಟಡದ ಮೇಲಂತಸ್ತಿನಲ್ಲಿತ್ತು. ಗೋಡೆಗೆಲ್ಲ ಸ್ಪಂಜು ಹೊಡೆದಿದ್ದರು. ಅಗ್ಗದ ಸ್ಪಂಜು, ಅಂಟು ಬಿಟ್ಟು ಮೂಲೆಯಲ್ಲಿ ಜೋತುಬಿದ್ದಿತ್ತು. ಛೀಮಾಮ ನಾಲಿಗೆಯ ತುದಿಯವರೆಗೆ ಬಂದದ್ದನ್ನು ಮಗಳ ಮಾತು ನೆನೆದು ನುಂಗಿಕೊಂಡ. ಕಾರ್ಯಕ್ರಮ ನಡೆಸುವ ಹುಡುಗಿ ಅವನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದಳು. ಅದರ ಮೆತ್ತೆ ಹಿಂದಿನವರ ಬೆವರಿಗೆ ಇನ್ನೂ ಹಸಿಯಾಗಿತ್ತು. ಅದನ್ನೂ ನುಂಗಿಕೊಂಡ. ಗಾಜಿನಾಚೆ ಕೂತ ಇಂಜಿನಿಯರ್ ಅವನ ಕ್ಯಾಸೆಟ್ ತೆಗೆದುಕೊಂಡು ತನ್ನ ಮಿಷನ್ನಿಗೆ ಹಾಕಿದ.

ಕೆಂಪು ದೀಪ ಹತ್ತಿತು. ಛೀಮಾಮ ಬಹಳ ಚೆನ್ನಾಗಿ ಮಾತಾಡಿದ. ಬಿ ಸೈಡಿನ ಸಿದ್ಧಾಂತ ಹೇಳಿದ. ಆ ಗಟ್ಟಿ ಕಂಠ, ಅದರೊಳಗಿನ ಆಯಾಸ, ಮೆಟ್ಟಿಲು ಹತ್ತುವವಳ ಕಾಲಿನ ಭಾರ, ಕೊನೆಗೆ ನುಂಗಿಕೊಂಡ ಅಳು, ಎಲ್ಲವನ್ನೂ ಬಿಡಿಸಿಟ್ಟ. “ಇದನ್ನ ಕೇಳಿದ ಮೇಲೂ ನಿಮ್ಮ ಕಣ್ಣು ಒಣಗಿದ್ರೆ, ಮೊದಲು ಕಿವಿ ಡಾಕ್ಟರ ಹತ್ರ ಹೋಗಿ” ಎಂದ. ಹುಡುಗಿ ನಕ್ಕು, ಗಾಜಿನ ಕಡೆ ಕೈ ಮಾಡಿದಳು.

ಹಾಡು ಶುರುವಾಯಿತು. ಟಿಕ್ಕುಟಿಕ್ಕು ಎಂದು ಡ್ರಮ್ ಕುಣಿಯಿತು. ಅದರ ಹಿಂದೆಯೇ ಕಾಲೇಜು ಹುಡುಗಿಯೊಬ್ಬಳ ತೆಳ್ಳನೆಯ ಕೀಚು ದನಿ ಲಿಫ್ಟು ಕೆಟ್ಟಿದೆ ಎಂದು ಹಾಡತೊಡಗಿತು. ಲಿಫ್ಟು ಕೆಟ್ಟದ್ದು ಅವಳಿಗೆ ಪರಮಾನಂದವಾದಂತಿತ್ತು. ಎರಡೆರಡು ಮೆಟ್ಟಿಲು ಹಾರಿ ಓಡುತ್ತಿದ್ದಳು. ಛೀಮಾಮ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. ಪದಗಳು ಅವೇ, ತಿರುವುಗಳು ಅವೇ. ಅವನಿಗೆ ಪರಿಚಯದ ಮನೆಯೊಳಗೆ ಹೊಕ್ಕು ಅಲ್ಲಿ ಯಾರೋ ಅಪರಿಚಿತರು ಹಾಸಿಗೆಯ ಮೇಲೆ ಕುಣಿಯುತ್ತಿರುವುದನ್ನು ಕಂಡ ಹಾಗಾಯಿತು. ಕೊನೆಯ ಸಾಲು ಬಂತು. ಅವನು ಉಸಿರು ಬಿಗಿಹಿಡಿದ. ಹಾಡುಗಾರ್ತಿ ಕಿಸಕ್ಕನೆ ನಕ್ಕಳು.

“ಛೀ!” ಎಂದ ಛೀಮಾಮ. ಇಡೀ ಊರು ಕೇಳಿಸಿಕೊಂಡಿತು.

“ಸರ್?” ಎಂದಳು ಹುಡುಗಿ.

“ಇದಲ್ಲ ಅಮ್ಮ. ಯಾವ್ದು ಹಾಕಿದ್ದೀರಿ ನೀವು? ಎಷ್ಟು ಜೋರಾಗಿ ಓಡಿಸ್ತಿದ್ದೀರಿ!”

“ನೀವೇ ತಂದ ಕ್ಯಾಸೆಟ್ಟು ಸರ್.”

ಗಾಜಿನಾಚೆಯವನು ತನ್ನ ಮೈಕು ಹಚ್ಚಿ, ಬಹಳ ಮರ್ಯಾದೆಯಿಂದ, “ಸ್ಪೀಡ್ ಸರಿಯಾಗೇ ಇದೆ ಸರ್. ಬಹುಶಃ ನಿಮ್ಮ ಮಿಷನ್ ನಿಧಾನ ಇರ್ಬೇಕು. ಬೆಲ್ಟು ಸಡಿಲ ಆದ್ರೆ ದನಿ ದಪ್ಪ ಆಗುತ್ತೆ” ಎಂದ. ಅದೂ ಊರಿಗೆಲ್ಲ ಕೇಳಿಸಿತು.

ಇಷ್ಟಕ್ಕೇ ಮುಗಿದಿದ್ದರೆ ಛೀಮಾಮ ತಲೆತಗ್ಗಿಸಿ ಮನೆಗೆ ಹೋಗುತ್ತಿದ್ದ. ಆದರೆ ಫೋನುಗಳು ಬರತೊಡಗಿದವು. ಜನರಿಗೆ ಹಾಡು ಹಿಡಿಸಿಬಿಟ್ಟಿತ್ತು. ಒಬ್ಬರು ತಮ್ಮ ಮಕ್ಕಳು ಕುಣಿಯುತ್ತಿದ್ದಾರೆ, ಇನ್ನೊಮ್ಮೆ ಹಾಕಿ ಎಂದರು. ಒಬ್ಬ ಹೆಂಗಸು ಆ ಕೊನೆಯ ನಗು ಎಷ್ಟು ಮುದ್ದು ಎಂದಳು. ಹುಡುಗಿ ಇನ್ನೊಮ್ಮೆ ಹಾಕಿದಳು. ಛೀಮಾಮ ಇಂಗು ತಿಂದ ಮಂಗನ ಹಾಗೆ ಕೂತು, ತನ್ನ ರಾಣಿ ಎರಡನೇ ಸಲ ಕಿಸಕ್ಕನೆ ನಗುವುದನ್ನು ಕೇಳಿದ. ಹೊರಗೆ ಬರುವಾಗ ಮೆಟ್ಟಿಲ ಬಳಿಯ ಕಾವಲುಗಾರ ಅದೇ ಸಾಲನ್ನು ಗುನುಗುತ್ತಿದ್ದ. ‘ಮೂರನೇ ಮಹಡಿ’ ಎಂಜಲಾಯಿತು.

ಮನೆಯಲ್ಲಿ ಹೆಂಡತಿ, “ಹಾಡು ಪರವಾಗಿಲ್ಲ ಕಣ್ರೀ, ಇಷ್ಟು ದಿನ ಹೀಗೇ ಹಾಕಬಾರ್ದಿತ್ತಾ?” ಎಂದಳು. ಅವನಿಗೆ ಹೇಸಿಗೆಯಾಗಿದ್ದದ್ದು ಈಗ ಊರಿನ ಮೇಲಲ್ಲ. ತಮ್ಮನಿಗಾಗಿ ಕಾದ ಆ ಅಣ್ಣನೂ ನಿಜವೋ, ಸಡಿಲ ಬೆಲ್ಟು ಮಾಡಿದ ಆಟವೋ? ಅಳುಬುರುಕ ಎಂದು ಬೈದು ಎಸೆದ ಆಲ್ಬಮ್‌ಗಳು ಎಷ್ಟು ಲವಲವಿಕೆಯವಾಗಿದ್ದವೋ? ಹೊದಿಕೆ ಕಿತ್ತು ತನ್ನ ಕಿವಿಯೊಳಗೇ ನೋಡಿದ ಹಾಗಾಗಿ, ಅಲ್ಲಿ ಕಂಡದ್ದಕ್ಕೆ ಅವನಿಗೆ ವಾಕರಿಕೆ ಬಂತು.

ಮಾರನೆಯ ದಿನ ಶಟರ್ ಎತ್ತಿದವನೇ ಟೇಪ್‌ರೆಕಾರ್ಡರನ್ನು ಬಗಲಲ್ಲಿ ಅವುಚಿಕೊಂಡು ವಾಚಣ್ಣನ ಅಂಗಡಿಗೆ ಹೋಗಿ, ಬಿಚ್ಚಿಟ್ಟ ವಾಚುಗಳ ನಡುವೆ ಧೊಪ್ಪೆಂದು ಇಟ್ಟ.

“ಬೆಲ್ಟು ಸಡಿಲ ಆಗಿದೆಯಂತೆ. ನಿನ್ನ ಹತ್ರ ಸಣ್ಣ ಸ್ಕ್ರೂಡ್ರೈವರ್ ಇದೆಯಲ್ಲ, ಸರಿ ಮಾಡ್ಕೊಡು.”

ವಾಚಣ್ಣ ತಲೆಯೆತ್ತದೆ, “ಮಾಡಲ್ಲ” ಎಂದ.

“ಯಾಕೆ, ಬರಲ್ವಾ?”

“ಬರುತ್ತೆ. ಮಾಡಲ್ಲ.”

“ಅದು ನಿಧಾನ ಓಡುತ್ತೆ ಅಂತ ಊರಿಗೆಲ್ಲ ಗೊತ್ತಾಯ್ತಲ್ಲಯ್ಯಾ!”

“ನಂಗೆ ನೀನು ಮೊದಲ ದಿನ ಹಾಕಿದಾಗಲೇ ಗೊತ್ತಿತ್ತು.” ವಾಚಣ್ಣ ಭೂತಗನ್ನಡಿ ಹಣೆಗೇರಿಸಿದ. “ಯಾವ ಹಾಡು ಎಷ್ಟು ಹೊತ್ತು ಅಂತ ಡಬ್ಬಿ ಮೇಲೇ ಅಚ್ಚು ಹಾಕಿರ್ತಾರೆ. ಸುತ್ತ ಇಷ್ಟು ಗಡಿಯಾರ ಇಟ್ಕೊಂಡು ಕೂತಿರೋನು ನಾನು. ನಂಗೆ ತಿಳಿಯಲ್ವಾ?”

ಛೀಮಾಮನ ಮುಖ ಕಪ್ಪಿಟ್ಟಿತು. “ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ? ಊರ ಮುಂದೆ ನನ್ನ ಮಾನ ಹರಾಜಾಗೋದನ್ನ ನೋಡ್ತಾ ಕೂತೆಯಾ? ಛೀ! ನೀನು ಸ್ನೇಹಿತನಾ? ಸೋಫಾ ಒಳಗಿನ ತಿಗಣೆ ನಿನಗಿಂತ ವಾಸಿ. ಕಚ್ಚಿದ್ರೆ ಗೊತ್ತಾದ್ರೂ ಆಗುತ್ತೆ.”

“ಹೇಳಿದ್ರೆ ನೀನು ರಿಪೇರಿ ಮಾಡಿಸ್ತಿದ್ದೆ.”

“ಮಾಡಿಸ್ದೆ ಬಿಡ್ತಿದ್ನಾ ಮತ್ತೆ?”

“ಆಮೇಲೆ ನಾನು ಏನನ್ನ ಕೇಳ್ಲಿ?”

ಛೀಮಾಮ ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದವನು ಹಾಗೇ ನಿಂತ. “ಏನಂದೆ?”

“ನಿನ್ನೆ ರೇಡಿಯೋದಲ್ಲಿ ಬಂತಲ್ಲ, ಅದೂ ಒಂದು ಹಾಡಾ? ಹಲ್ಲುಜ್ಜೋ ಪೇಸ್ಟಿನ ಜಾಹೀರಾತು. ನಂಗೆ ನಿನ್ನ ಮಿಷನ್ನಲ್ಲಿ ಬರೋದೇ ಬೇಕು. ಅದು ಚೆನ್ನಾಗಿದೆ.” ವಾಚಣ್ಣ ಕೈಯಲ್ಲಿದ್ದ ಚಿಮುಟ ಕೆಳಗಿಟ್ಟ. “ಇಲ್ದಿದ್ರೆ ದಿನಾ ಮಧ್ಯಾಹ್ನ ಅಂಗಡಿ ಬಿಟ್ಟು ಬಂದು, ನಿನ್ನ ಆ ನಾರೋ ಸ್ಪಂಜಿನ ಮೇಲೆ ಕೂರೋಕೆ ನಂಗೇನು ಹುಚ್ಚಾ?”

“ಇದನ್ನ ಇಷ್ಟು ದಿನದಲ್ಲಿ ಒಂದು ಸಲ ಹೇಳೋಕೆ ನಿಂಗೇನು ರೋಗ?”

“ಹೇಳೋಕೆ ನೀನೆಲ್ಲಿ ಬಿಟ್ಟೆ?” ಈಗ ವಾಚಣ್ಣನ ದನಿಯೂ ಏರಿತು. “ಹಾಡು ಶುರುವಾದ್ರೆ ನಿನ್ನ ಪುರಾಣವೂ ಶುರು. ಈಗ ಮೆಟ್ಟಿಲು ಹತ್ತಿದ್ಲು, ಈಗ ನಿಂತ್ಲು, ಈಗ ಅಳು ಬಂತು, ನೋಡು, ನೋಡು. ನಂಗೇನು ಕಿವಿ ಇಲ್ವಾ? ಹಾಡು ಚಿನ್ನ ಕಣಯ್ಯಾ. ಸಹಿಸೋಕಾಗ್ದೆ ಇದ್ದದ್ದು ನಿನ್ನ ಬಾಯಿ. ಅದಕ್ಕೇ ಹೂಂ ಅಂತಿದ್ದೆ, ಆಗ್ಲಾದ್ರೂ ನಿಲ್ಲಿಸ್ತೀಯೇನೋ ಅಂತ.”

ಛೀಮಾಮ ಟೇಪ್‌ರೆಕಾರ್ಡರನ್ನು ಎತ್ತಿಕೊಂಡು ತನ್ನ ಅಂಗಡಿಗೆ ಮರಳಿದ. ಬೆಳಗಿನ ಹೊತ್ತಿಗೆ ಎಂದೂ ಬಾರದ ವಾಚಣ್ಣ ಹಿಂದೆಯೇ ಬಂದು, ಹೊದಿಕೆ ಇಲ್ಲದ ಒಂದು ಸೋಫಾದ ಮೇಲೆ ಕೂತ. ಛೀಮಾಮ ಪ್ಲಗ್ ಸಿಕ್ಕಿಸಿ ಕ್ಯಾಸೆಟ್ ತಿರುಗಿಸಿ ಹಾಕಿದ. ಮೊದಲೆರಡು ಹಾಡು ಮುಗಿದು ಮೂರನೆಯದು ಬಂತು. ಅದೇ ತಣ್ಣನೆಯ, ದಪ್ಪ, ಸುಳ್ಳು ದನಿ. ಹೆಂಗಸು ಮೆಟ್ಟಿಲು ಹತ್ತತೊಡಗಿದಳು. ಛೀಮಾಮನ ಗಂಟಲಿಗೆ ಮಾತು ಒತ್ತಿಕೊಂಡು ಬಂತು. ಅವನು ತುಟಿ ಕಚ್ಚಿಕೊಂಡ.

ಆಗ ಅವನಿಗೆ ಇನ್ನೊಂದು ಸದ್ದು ಕೇಳಿಸಿತು. ಮೊದಲು ಟೇಪಿನದೇ ಏನೋ ದೋಷ ಅಂದುಕೊಂಡ. ಆಮೇಲೆ ಪಕ್ಕಕ್ಕೆ ತಿರುಗಿ ನೋಡಿದ. ವಾಚಣ್ಣ ಕಣ್ಣು ಮುಚ್ಚಿ, ತುಟಿ ಅಲುಗಿಯೂ ಅಲುಗದಂತೆ, ಹಾಡಿನ ಜೊತೆಗೇ ಹಾಡುತ್ತಿದ್ದ. ಒಂದು ಪದ ತಪ್ಪಲಿಲ್ಲ, ಒಂದು ತಿರುವು ಬಿಡಲಿಲ್ಲ, ಎಲ್ಲಿ ಉಸಿರು ಎಳೆಯಬೇಕೋ ಅಲ್ಲೇ ಎಳೆದುಕೊಳ್ಳುತ್ತಿದ್ದ. ಒಂದೆರಡು ದಿನದಲ್ಲಿ ಬರುವ ಪಾಠ ಅದಾಗಿರಲಿಲ್ಲ. ಇಷ್ಟು ಕಾಲವೂ ಅವನು ಇಲ್ಲೇ, ಇದೇ ಅಂಗಡಿಯಲ್ಲಿ, ಕೈಯಳತೆಯ ದೂರದಲ್ಲಿ ಕೂತು ಹೀಗೇ ಹಾಡಿಕೊಂಡಿದ್ದ.

ಶ್ರುತಿ ಒಂದಿಷ್ಟೂ ಸೇರುತ್ತಿರಲಿಲ್ಲ, ಕೇಳಲಾಗದಷ್ಟು ಕೆಟ್ಟದಾಗಿತ್ತು. ಛೀಮಾಮ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡು, ಕೊನೆಯವರೆಗೂ ಕೇಳಿದ.